ಜಲಸಂಗಿಯ ಶಿಲಾಬಾಲಿಕೆಗೊಂದು ಮರದ ಹಲಗೆ

ಮರದ ಹಲಗೆ ಕೊರೆದು, ಮಸಿ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆಯುವ ಚಿತ್ರವೇ ವುಡ್‌ಕಟ್. ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಸ್ಮಾರಕಗಳಿಗೆ ಇದರಷ್ಟು ಒಪ್ಪುವ ಮಾಧ್ಯಮ ಇನ್ನೊಂದಿಲ್ಲವೆಂದು ನಾನು ನಂಬುತ್ತೇನೆ. ಇಲ್ಲಿ ಕಲಾವಿದರು ಶುರು ಮಾಡುವುದೇ ಕಪ್ಪಿನಿಂದ. ಕೊರೆಯದೆ ಬಿಟ್ಟದ್ದು ಕತ್ತಲು, ಕೊರೆದು ತೆಗೆದದ್ದು ಬೆಳಕು. ಕಲ್ಯಾಣದ ಕೋಟೆ ಬಾಗಿಲಲ್ಲಿ ನಡುಮಧ್ಯಾಹ್ನ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳಗೆ ತಂಪಾದ ದಟ್ಟ ನೆರಳು, ಆಚೆ ಕಣ್ಣು ಕುಕ್ಕುವ ಬಿಸಿಲು.

ಫೋಟೋಗಳನ್ನು ಅಕ್ಷರಗಳ ಜೊತೆಗೇ ಅಚ್ಚು ಹಾಕುವ ವಿಧಾನ ಬಳಕೆಗೆ ಬರುವ ಮೊದಲು ಪುಸ್ತಕ, ಪತ್ರಿಕೆಗಳಿಗೆ ಹೆಚ್ಚಾಗಿ ಮರದಚ್ಚೇ ಗತಿ. ಅಚ್ಚುಮೊಳೆಯಷ್ಟೇ ಎತ್ತರದ ಮರದ ತುಂಡಿನಲ್ಲಿ ಚಿತ್ರ ಕೊರೆದು, ಅಕ್ಷರಗಳ ಪಕ್ಕದಲ್ಲೇ ಕೂಡಿಸುತ್ತಿದ್ದರು. ಜೇಮ್ಸ್ ಫರ್ಗುಸನ್ 1876ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಹಳೇಬೀಡಿನ ಕೇದಾರೇಶ್ವರ ಗುಡಿಯ ಇಂಥದೊಂದು ಚಿತ್ರವಿದೆ. ಫೋಟೋ ನೋಡಿ ಕೊರೆದದ್ದು. ಅದರಲ್ಲಿ ಶಿಖರ ಇನ್ನೂ ನಿಂತಿದೆ, ಮೈಮೇಲೆ ಗಿಡ ಬೆಳೆದಿದೆ. ಇವತ್ತು ಹಳೇಬೀಡಿಗೆ ಹೋದವರಿಗೆ ಆ ಶಿಖರ ಕಾಣುವುದಿಲ್ಲ.

ನಮ್ಮ ಸೀಮೆಯಲ್ಲಿ ಮೊದಲು ಹಲಗೆ ಹಿಡಿಯಬೇಕಾದ ಜಾಗ ಹುಮನಾಬಾದ್ ತಾಲ್ಲೂಕಿನ ಜಲಸಂಗಿ. ಅಲ್ಲಿನ ಚಾಲುಕ್ಯರ ಕಾಲದ ಶಿವಾಲಯದ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಶಾಸನ ಬರೆಯುತ್ತ ನಿಂತಿದ್ದಾಳೆ. ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ ಅದು. ಕನ್ನಡಿ ನೋಡುವ, ಕುಣಿಯುವ ಚೆಲುವೆಯರು ನಮ್ಮ ಗುಡಿಗಳಲ್ಲಿ ಎಷ್ಟೋ ಮಂದಿ. ಅಕ್ಷರ ಬರೆಯುವವಳು ಅಪರೂಪ, ಅದಕ್ಕೇ ಇವಳ ಮೇಲೆ ನನಗೆ ಹೆಚ್ಚು ಅಭಿಮಾನ.

ಇವಳನ್ನು ಮರಕ್ಕಿಳಿಸುವುದು ಸುಲಭವಲ್ಲ. ಹಲಗೆಯ ಮೇಲಿನದು ಕಾಗದದ ಮೇಲೆ ಎಡಬಲ ಅದಲುಬದಲಾಗುತ್ತದೆ. ಹಾಗಾಗಿ ತೆಳುಗಾಗದದಲ್ಲಿ ಚಿತ್ರ ಬರೆದು, ಅದನ್ನು ಮಗುಚಿ ಹಲಗೆಗೆ ಇಳಿಸಬೇಕು. ಮೈಯ ಬಳುಕಿಗೆ ಇಷ್ಟು ಸಾಕು. ಪುಟ್ಟ ಅಕ್ಷರಗಳನ್ನು ಮಾತ್ರ ಒಂದೊಂದಾಗಿ ತಿರುವುಮುರುವಾಗಿ, ಸುತ್ತಲಿನ ಮರವನ್ನು ಕೆತ್ತಿ ಉಳಿಸಿಕೊಳ್ಳಬೇಕು. ಉಳಿ ಮರದ ಎಳೆಯ ಗುಂಟ ಸಲೀಸಾಗಿ ಓಡುತ್ತದೆ, ಅಡ್ಡ ಹೋದರೆ ಸಿಬಿರೇಳುತ್ತದೆ. ಒಂದು ಒತ್ತಕ್ಷರ ಹಾರಿಹೋದರೆ ಮತ್ತೆ ಅಂಟಿಸುವುದು ಕಷ್ಟ. ಕಲ್ಲುಕುಟಿಗನಿಗೂ ಇದೇ ಆತಂಕ ಇದ್ದಿರಬೇಕು.

ಕೊರೆದಾದ ಮೇಲೆ ರೋಲರಿನಿಂದ ತೆಳುವಾಗಿ ಮಸಿ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ತಿಕ್ಕುತ್ತಾರೆ. ಮಸಿ ಹೆಚ್ಚಾದರೆ ಸಣ್ಣ ಗೆರೆಗಳು ತುಂಬಿಹೋಗುತ್ತವೆ. ಪ್ರತಿಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಕ್ರಮಸಂಖ್ಯೆ, ಸಹಿ.

ಯಂತ್ರ ಬೇಡ, ಕರೆಂಟು ಬೇಡ. ಒಂದು ಪ್ಲೈವುಡ್ ತುಂಡು, ನಾಲ್ಕು ಉಳಿ ಇದ್ದರೆ ಶಾಲೆಯ ಮಕ್ಕಳೂ ಕಲಿಯಬಹುದು. ಕಲಬುರಗಿಯ ಚಿತ್ರಕಲಾ ವಿದ್ಯಾರ್ಥಿಗಳು ಜಲಸಂಗಿಗೆ, ನಾರಾಯಣಪುರದ ಶಿವಾಲಯಕ್ಕೆ, ಕಲ್ಯಾಣದ ಕೋಟೆಗೆ ಹಲಗೆ ಹೊತ್ತು ಬರಲಿ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ದೇವರ ಪಟಗಳ ಪಕ್ಕ ಈ ಚಿತ್ರಗಳನ್ನೂ ಕೈಗೆಟಕುವ ಬೆಲೆಗೆ ಮಾರಲಿ. ಕೊಳ್ಳುವವರಲ್ಲಿ ಮೊದಲು ನಾನು ನಿಲ್ಲುತ್ತೇನೆ.