ಚೇಳು ಕುಟುಕಿದಾಗ

ನಮ್ಮ ನಾಡಿನಲ್ಲಿ ಚೇಳಿನ ಬಗ್ಗೆ ಭಯವೂ ಉಂಟು, ಭಕ್ತಿಯೂ ಉಂಟು. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಪೂಜೆ ಸಲ್ಲುತ್ತದೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿಯಂದು ಜನರು ಚೇಳುಗಳನ್ನು ಕೈಮೇಲೆ ಹರಿಯಬಿಟ್ಟುಕೊಳ್ಳುತ್ತಾರೆ. ಭಕ್ತಿ ಇರಲಿ, ವಿಷದ ಸ್ವಭಾವವನ್ನೂ ತಿಳಿದಿರುವುದು ಮೇಲು. ಅರಾವಳಿಯ ಕಲ್ಲುಗುಡ್ಡಗಳ ಮಗ್ಗುಲಲ್ಲಿ, ಮಾನೇಸರದಲ್ಲಿ, ಸಂಸಾರ ಹೂಡಿರುವ ನಮಗಂತೂ ಇದು ಅವಶ್ಯ.

ಗಾತ್ರ ನೋಡಿ ಮೋಸಹೋಗಬಾರದು. ದಪ್ಪನೆಯ ಕರಿ ಚೇಳಿಗಿಂತ ಸಣ್ಣ ಕೆಂಪು ಚೇಳೇ ಹೆಚ್ಚು ಅಪಾಯಕಾರಿ. ಕೊಂಡಿಯಿಂದ ಇಳಿದ ಅದರ ವಿಷ ನರಗಳನ್ನು ಕೆರಳಿಸುತ್ತದೆ. ಅಡ್ರಿನಲಿನ್ ಮೊದಲಾದ ರಸಗಳು ರಕ್ತದಲ್ಲಿ ಉಕ್ಕುತ್ತವೆ. ರಕ್ತನಾಳಗಳು ಬಿಗಿಯುತ್ತವೆ, ರಕ್ತದ ಒತ್ತಡ ಏರುತ್ತದೆ, ಹೃದಯ ಸೋಲುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟವೇ ಕಷ್ಟವಾಗುತ್ತದೆ. ಇಷ್ಟಕ್ಕೆಲ್ಲ ಕೆಲವೇ ಗಂಟೆ ಸಾಕು. ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು.

ನೋವಿನಿಂದ ಅಪಾಯವನ್ನು ಅಳೆಯಲಾಗದು. ಉರಿ ಜೋರಾಗಿದ್ದರೂ ಬೇರೆ ತೊಂದರೆ ಕಾಣದಿದ್ದರೆ ಅದು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮಂತ್ರಕ್ಕೆ ಇಳಿಯಿತೆಂದು ಹೇಳುವುದು ಬಹುಮಟ್ಟಿಗೆ ಇಂಥದನ್ನೇ. ನೋವು ಕಡಿಮೆಯಿದ್ದು ಮೈಯೆಲ್ಲ ಬೆವರಿದರೆ, ವಾಂತಿಯಾದರೆ, ಕೈಕಾಲು ತಣ್ಣಗಾದರೆ ಮಾತ್ರ ಒಂದು ಕ್ಷಣವೂ ತಡಮಾಡಬಾರದು.

ಈ ಲಕ್ಷಣಗಳನ್ನು ಗುರುತಿಸಿ ೧೯೮೨ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಬರೆದವರು ಮಹಾರಾಷ್ಟ್ರದ ಮಹಾಡದ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್. ಹಳ್ಳಿಯ ರೋಗಿಗಳ ಹಾಸಿಗೆಯ ಪಕ್ಕದಲ್ಲೇ ಕುಳಿತು ಅವರು ಈ ವಿಷಯವನ್ನು ಅಭ್ಯಸಿಸಿದರು. ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಈ ವಿಷದ ಪರಿಣಾಮವನ್ನು ತಡೆಯಬಲ್ಲದೆಂದು ತೋರಿಸಿದರು. ಹಿಂದೆ ಆ ಸೀಮೆಯಲ್ಲಿ ವಿಷ ಮೈಗೇರಿದ ನೂರು ಮಂದಿಯಲ್ಲಿ ಸುಮಾರು ಮೂವತ್ತು ಮಂದಿ ಸಾಯುತ್ತಿದ್ದರು. ಈ ಚಿಕಿತ್ಸೆಯಿಂದ ಆ ಸಂಖ್ಯೆ ಒಂದರ ಆಸುಪಾಸಿಗೆ ಇಳಿಯಿತು. ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಈಗ ಚೇಳಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೂ ಇದೆ. ಯಾವುದನ್ನು ಎಷ್ಟು ಕೊಡಬೇಕೆಂಬುದು ವೈದ್ಯರ ಕೆಲಸ. ಮನೆಯಲ್ಲಿ ಮಾತ್ರೆ ನುಂಗಿಸುವುದು ಸಲ್ಲದು.

ಕುಟುಕಿದ ಜಾಗವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗ ಬಿಗಿಯುವುದು ಬೇಡ. ಧೈರ್ಯ ಹೇಳಿ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಹಿಂದಿ ತೋಚದಿದ್ದರೆ “ಬಿಚ್ಛೂ ನೇ ಕಾಟಾ” ಎಂದರೆ ಸಾಕು. ಮಳೆಗಾಲದಲ್ಲಿ ಬೂಟನ್ನು ಕೊಡವಿ ಮೆಟ್ಟುವುದು, ಹಾಸಿಗೆ ಕೊಡವಿ ಮಲಗುವುದು, ಇಟ್ಟಿಗೆ ರಾಶಿಗೆ ಬರಿಗೈ ಹಾಕದಿರುವುದು, ಇವಿಷ್ಟನ್ನು ಮಕ್ಕಳಿಗೂ ಕಲಿಸಿದರೆ ಆಸ್ಪತ್ರೆಯ ದಾರಿ ಹಿಡಿಯುವ ಪ್ರಸಂಗವೇ ವಿರಳವಾದೀತು.