ಜ್ವರ ಇಳಿದ ದಿನವೇ ಎಚ್ಚರ

ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಿಗೆ ಆರೋಗ್ಯದ ವಿಚಾರ ತಾನಾಗಿಯೇ ಗೊತ್ತಿರುತ್ತದೆ ಎಂಬುದೇ ಮೊದಲ ತಪ್ಪು ಕಲ್ಪನೆ. ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವವರೂ ಹಾಸ್ಟೆಲ್‌ನಲ್ಲಿ ಜ್ವರದಿಂದ ಮೈ ಸುಡುವಾಗ ಪಕ್ಕದ ರೂಮಿನವರನ್ನೇ ಕೇಳುತ್ತಾರೆ: ‘ಹೋದ ಸಲ ನೀನು ಯಾವ ಮಾತ್ರೆ ತಗೊಂಡೆ?’ ಮಾತ್ರೆಯ ಸ್ಟ್ರಿಪ್ ಓದಲು, ರಿಪೋರ್ಟ್ ಅರ್ಥಮಾಡಿಕೊಳ್ಳಲು, ಯಾವಾಗ ಆಸ್ಪತ್ರೆಗೆ ಹೊರಡಬೇಕೆಂದು ತೀರ್ಮಾನಿಸಲು ಬರುವುದನ್ನು ಆರೋಗ್ಯ ಸಾಕ್ಷರತೆ ಎನ್ನುತ್ತಾರೆ. ಡೆಂಗಿ ಬಂದಾಗ ಈ ಮೂರೂ ಒಟ್ಟಿಗೇ ಬೇಕಾಗುತ್ತವೆ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು.

‘ಜ್ವರ ಬಿಟ್ಟಿತು, ಇನ್ನೇನು ಭಯವಿಲ್ಲ.’ ಡೆಂಗಿಯಲ್ಲಿ ಜೀವಕ್ಕೇ ಎರವಾಗಬಲ್ಲ ನಂಬಿಕೆ ಇದು. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಕೆಲವರಲ್ಲಿ ಅದೇ ಹೊತ್ತಿಗೆ ರಕ್ತದೊಳಗಿನ ದ್ರವ ಸಣ್ಣ ನಾಳಗಳಿಂದ ಹೊರಗೆ ಸೋರತೊಡಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಮುಂದಿನ ಒಂದೆರಡು ದಿನ ರೋಗಿಯನ್ನು ಒಂಟಿಯಾಗಿ ಬಿಡಬಾರದು. ಆದರೆ ರೂಮ್‌ಮೇಟ್‌ಗಳು ನಿಶ್ಚಿಂತೆಯಿಂದ ಕ್ಲಾಸಿಗೆ ಹೋಗುವುದು ಆಗಲೇ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಕಪ್ಪು ಮಲ, ವಿಪರೀತ ಸುಸ್ತು ಅಥವಾ ಚಡಪಡಿಕೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು ಪ್ಲೇಟ್‌ಲೆಟ್. ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರ ಕಣ್ಣೂ ಆ ಒಂದೇ ಅಂಕಿಯ ಮೇಲೆ. 50 ಸಾವಿರಕ್ಕೆ ಇಳಿದರೆ ಸಾಕು, ರಕ್ತದಾನಿಗಳಿಗಾಗಿ ಗ್ರೂಪ್‌ಗಳಲ್ಲಿ ಮೆಸೇಜ್ ಹರಿದಾಡುತ್ತದೆ. ರಕ್ತಸ್ರಾವವಿಲ್ಲದಿದ್ದರೆ, ಸಾಮಾನ್ಯವಾಗಿ 10 ಸಾವಿರಕ್ಕಿಂತ ಕೆಳಗೆ ಇಳಿಯುವವರೆಗೆ ಪ್ಲೇಟ್‌ಲೆಟ್ ಕೊಡುವ ಅಗತ್ಯ ಬೀಳುವುದಿಲ್ಲ. ಅದೇ ಹಾಳೆಯಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಎಂಬ ಸಾಲೂ ಇರುತ್ತದೆ. ಪ್ಲೇಟ್‌ಲೆಟ್ ಇಳಿಯುತ್ತಿರುವಾಗ ಅದು ಏರತೊಡಗಿದರೆ ರಕ್ತ ಗಟ್ಟಿಯಾಗುತ್ತಿದೆ, ದ್ರವ ಸೋರುತ್ತಿದೆ ಎಂದರ್ಥ. ವೈದ್ಯರು ಆತಂಕದಿಂದ ನೋಡುವ ಸಾಲು ಅದು. ಪಪ್ಪಾಯಿ ಎಲೆಯ ರಸ ಕುಡಿದರೆ ಡೆಂಗಿ ಗುಣವಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಆ ಕಹಿ ಕುಡಿದು ವಾಂತಿ ಮಾಡಿಕೊಳ್ಳುವುದಕ್ಕಿಂತ ಓಆರ್‌ಎಸ್, ಗಂಜಿ, ಎಳನೀರು ಹೊಟ್ಟೆಗೆ ಹೋಗಲಿ.

ಎನ್‌ಎಸ್‌1 ರಕ್ತಪರೀಕ್ಷೆ ನೆಗೆಟಿವ್ ಬಂದರೆ ಡೆಂಗಿ ಅಲ್ಲವೇ ಅಲ್ಲ ಎನ್ನುವುದೂ ತಪ್ಪು. ಆ ಪರೀಕ್ಷೆ ಹೆಚ್ಚು ನಂಬಲರ್ಹವಾಗಿರುವುದು ಮೊದಲ ಐದು ದಿನ. ಆಮೇಲೆ ಐಜಿಎಂ ಪರೀಕ್ಷೆ ನೋಡಬೇಕು.

‘ಮೈಕೈ ನೋವಿಗೆ ಯಾವ ಮಾತ್ರೆಯಾದರೇನು?’ ಕಾಂಬಿಫ್ಲಾಮ್ ಸ್ಟ್ರಿಪ್‌ನ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ: ಐಬುಪ್ರೊಫೆನ್ 400 ಮಿ.ಗ್ರಾಂ., ಪ್ಯಾರಸಿಟಮಾಲ್ 325 ಮಿ.ಗ್ರಾಂ. ಡೆಂಗಿಯಲ್ಲಿ ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೊಫೆನಾಕ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಬರೀ ಪ್ಯಾರಸಿಟಮಾಲ್ ಸಾಕು. ಅದೂ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ಡೋಲೋ 650 ನುಂಗುತ್ತಲೇ ನೆಗಡಿ ಮಾತ್ರೆಯನ್ನೂ ತೆಗೆದುಕೊಳ್ಳುವವರು ಇಲ್ಲಿ ಎಡವುತ್ತಾರೆ. ಹಲವು ನೆಗಡಿ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ, ಲೆಕ್ಕ ತಪ್ಪಿದರೆ ಪೆಟ್ಟು ಬೀಳುವುದು ಲಿವರ್‌ಗೆ. ಇವುಗಳ ಜೊತೆಗೆ ಮೂರು ದಿನದ ಅಜಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬೇರೆ. ಆ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುವುದು ವೈದ್ಯರ ಚೀಟಿಯಿಲ್ಲದೆ ಮುಟ್ಟಬೇಡಿ ಎಂದು ಹೇಳುವುದಕ್ಕೆ. ಡೆಂಗಿ ವೈರಸ್‌ನಿಂದ ಬರುವ ಕಾಯಿಲೆ, ಆ್ಯಂಟಿಬಯಾಟಿಕ್ ಅದರ ಮೇಲೆ ಏನೂ ಮಾಡದು.

ಚರಂಡಿ ದೂರವಿದೆ, ರಾತ್ರಿ ಸೊಳ್ಳೆಪರದೆಯೂ ಇದೆ ಎಂಬ ಧೈರ್ಯವೂ ಸಾಲದು. ಈಡಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲು ಹೊತ್ತು. ಮೊಟ್ಟೆಯಿಡುವುದು ಬಾತ್‌ರೂಮಿನ ಡ್ರಮ್, ಮುಚ್ಚಳವಿಲ್ಲದ ಬಕೆಟ್, ಕೂಲರ್‌ನ ನಿಂತ ನೀರಿನಲ್ಲಿ.

ವೈದ್ಯರ ಬಳಿ ಹೋಗುವಾಗ ಮೂರು ವಿಷಯ ಬರೆದುಕೊಂಡು ಹೋಗಿ: ಜ್ವರ ಶುರುವಾದ ದಿನ, ಈವರೆಗೆ ನುಂಗಿದ ಎಲ್ಲ ಮಾತ್ರೆಗಳ ಹೆಸರು, ಕೊನೆಯ ಸಲ ಮೂತ್ರಕ್ಕೆ ಹೋದ ಹೊತ್ತು. ಸ್ಟ್ರಿಪ್‌ಗಳನ್ನೇ ಜೇಬಿಗೆ ಹಾಕಿಕೊಂಡು ಹೋದರೆ ಇನ್ನೂ ಒಳ್ಳೆಯದು.