ಒಂದು ವಸ್ತು, ಹಲವು ಸ್ವಭಾವ

ಪಠ್ಯಪುಸ್ತಕದ ಉಕ್ಕು ಬೇರೆ, ಲೋಕದ ಉಕ್ಕು ಬೇರೆ. ಪುಸ್ತಕದಲ್ಲಿ ಅದು ಅಧ್ಯಾಯಕ್ಕೊಂದು ಗುಣವನ್ನು ಮಾತ್ರ ತೋರುವ ಸುಶೀಲ ಪದಾರ್ಥ: ಮೊದಲ ಅಧ್ಯಾಯದಲ್ಲಿ ಎಳೆದರೆ ಹಿಗ್ಗಿ, ಬಿಟ್ಟೊಡನೆ ಪೂರ್ವಸ್ಥಿತಿಗೆ ಮರಳುವುದು, ಎರಡನೆಯದರಲ್ಲಿ ಒಂದು ಮಿತಿಯನ್ನು ದಾಟಿದ ಬಳಿಕ ಮರಳದೆ ಬಾಗಿದಂತೆಯೇ ಉಳಿಯುವುದು, ಇನ್ನೂ ಮುಂದಿನದರಲ್ಲಿ, ಚೆನ್ನಾಗಿ ಕಾದಿರುವಾಗ, ಹೊರೆ ಎಳ್ಳಷ್ಟೂ ಹೆಚ್ಚದಿದ್ದರೂ ಕಾಲ ಸರಿದಂತೆಲ್ಲ ತಾನೇ ತಾನಾಗಿ ಉದ್ದವಾಗುತ್ತ ಹೋಗುವುದು. ಲೋಕದ ಉಕ್ಕಿಗೆ ಈ ಅಧ್ಯಾಯವಿಭಾಗದ ಪರಿವೆಯೇ ಇಲ್ಲ. ರಾಯಚೂರಿನಲ್ಲಿರುವಂತಹ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಸುಮಾರು 540 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಉಗಿಯನ್ನು ಒಡಲಲ್ಲಿಟ್ಟುಕೊಂಡಿರುವ ಮುಖ್ಯ ಕೊಳವೆಯ ಉಕ್ಕು, ಈ ಮೂರು ಕೆಲಸಗಳನ್ನೂ ಒಂದೇ ಗಳಿಗೆಯಲ್ಲಿ, ಒಂದೇ ಮೈಯಲ್ಲಿ, ಯಾರ ಅಪ್ಪಣೆಗೂ ಕಾಯದೆ ಮಾಡುತ್ತಿರುತ್ತದೆ. ಆ ಕೊಳವೆಯ ಆಯುಷ್ಯವನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಲು ಕುಳಿತ ಇಂಜಿನಿಯರನಾದರೋ ಮೂರು ಅಧ್ಯಾಯಗಳ ವಿದ್ಯೆಯನ್ನು ಒಂದೆಡೆ ಸೇರಿಸಬೇಕು. ಸೇರಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಈ ಸ್ವಭಾವಗಳು ಒಬ್ಬರ ಕಣ್ಣಿಗೆ ಒಮ್ಮೆಲೇ ಬಿದ್ದವಲ್ಲ. ಎಳೆತಕ್ಕೆ ತಕ್ಕ ಹಿಗ್ಗು ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಲೋಹವು ಮರಳದ ಹಾಗೆ ಹರಿಯಲಾರಂಭಿಸುವ ಸ್ಥಿತಿಗೆ ಫ್ರಾನ್ಸಿನ ಹೆನ್ರಿ ಟ್ರೆಸ್ಕಾ 1864ರಲ್ಲಿ ಒಂದು ನಿಬಂಧನೆಯನ್ನು ಸೂಚಿಸಿದನು. ಒಂದು ದಿಕ್ಕಿನಲ್ಲಿ ಮಿತಿಮೀರಿ ಎಳೆಯಿಸಿಕೊಂಡ ಲೋಹವು ತಿರುಗಿ ಒತ್ತಿದಾಗ ಮೊದಲಿಗಿಂತ ಬೇಗನೆ ಸೋಲುತ್ತದೆಂಬುದನ್ನು ಮ್ಯೂನಿಕ್ ನಗರದ ಯೋಹಾನ್ ಬೌಷಿಂಗರ್ 1880ರ ದಶಕದಲ್ಲಿ ಕಂಡನು. ಕಾಲದೊಡನೆ ಬೆಳೆಯುವ ವಿಕೃತಿಯನ್ನು (ಆಕಾರದ ಬದಲಾವಣೆಯನ್ನು), ಎಂದರೆ ಇಂಜಿನಿಯರುಗಳು ಕ್ರೀಪ್ ಎನ್ನುವುದನ್ನು, ಲಂಡನ್ನಿನ ಆಂಡ್ರಾಡೆ 1910ರಲ್ಲಿ ಸೀಸದ ತಂತಿಗಳ ಮೇಲೆ ಅಳೆದ ಬಗೆ ನೆನೆಯತಕ್ಕದ್ದು. ತಂತಿ ಉದ್ದವಾದಂತೆ ಸಪೂರವಾಗುವುದರಿಂದ ಅದೇ ಭಾರವು ಹೆಚ್ಚಿನ ಪೀಡನವನ್ನು (ಅಡ್ಡಕೊಯ್ತದ ಒಂದೊಂದು ಅಳತೆಯ ಮೇಲೂ ಬೀಳುವ ಬಲವನ್ನು) ಉಂಟುಮಾಡುವುದಷ್ಟೆ; ಈ ತೊಡಕನ್ನು ಕಳೆಯಲು ಆತನು ವಿಶೇಷವಾಗಿ ರೂಪಿಸಿದ ತೂಕವೊಂದನ್ನು ತಂತಿಗೆ ಕಟ್ಟಿ, ತಂತಿ ಇಳಿದಂತೆಲ್ಲ ಆ ತೂಕವು ದ್ರವದಲ್ಲಿ ಮುಳುಗುತ್ತ ಹೋಗಿ ತನ್ನ ಎಳೆತವನ್ನು ತಾನೇ ತಗ್ಗಿಸಿಕೊಳ್ಳುವಂತೆ ಮಾಡಿದನು. ಒಂದು ಗುಣವನ್ನು ಮಿಕ್ಕವುಗಳಿಂದ ಬೇರ್ಪಡಿಸಿ ನೋಡಲು ಎಷ್ಟು ಪರಿಶ್ರಮ ಬೇಕಾಯಿತೆಂಬುದಕ್ಕೆ ಇದಕ್ಕಿಂತ ಚೆಲುವಾದ ನಿದರ್ಶನವನ್ನು ನಾನು ಕಾಣೆ.

ಹೀಗೆ ಒಂದೊಂದಾಗಿ ಬಿಡಿಸಿಟ್ಟ ಗುಣಗಳನ್ನು ಮತ್ತೆ ಹೆಣೆಯುವ ಹೊಣೆ ಬಿದ್ದದ್ದು ಫೈನೈಟ್ ಎಲಿಮೆಂಟ್ ವಿಧಾನದ ಮೇಲೆ. ಜಟಿಲವಾದ ಆಕಾರವನ್ನು ಸಣ್ಣ ಸಣ್ಣ ಘಟಕಗಳಾಗಿ ಒಡೆದು, ಪ್ರತಿಯೊಂದರಲ್ಲಿಯೂ ಸಮತೋಲವನ್ನು ಬರೆದು, ಸಾವಿರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ಈ ಕ್ರಮವು, ವಿಮಾನದ ರೆಕ್ಕೆಗಳ ಬಿಗಿತವನ್ನು ಲೆಕ್ಕಿಸುವ ಸಲುವಾಗಿ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು 1956ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬಲವನ್ನು ಪಡೆಯಿತು. ಈಗಿನ ಹೆಸರನ್ನು ಅದಕ್ಕೆ ಕ್ಲಫ್ 1960ರಲ್ಲಿ ಇಟ್ಟನು. 1970ರ ದಶಕದಲ್ಲಿ ಆನ್ಸಿಸ್, ಅಬಾಕಸ್ ಎಂಬ ತಂತ್ರಾಂಶಗಳು ಬಂದವು. ಬೆಂಗಳೂರಿನ ವಿಮಾನ ಮತ್ತು ವಾಹನ ವಿನ್ಯಾಸದ ಕಚೇರಿಗಳಲ್ಲಿ ಇಂದು ಎಷ್ಟೋ ಮಂದಿ ತರುಣರು ದಿನವೆಲ್ಲ ಕುಳಿತು ದುಡಿಯುವುದು ಇಂತಹ ತಂತ್ರಾಂಶಗಳೊಡನೆಯೇ.

ಅವುಗಳಲ್ಲಿ ಮಟೀರಿಯಲ್ ಎಂಬುದೊಂದು ಪುಟವಿದೆ. ಸಾಂದ್ರತೆ, ಇಲಾಸ್ಟಿಕ್ (ಪೂರ್ವಸ್ಥಿತಿಗೆ ಮರಳುವ ಗುಣ), ಪ್ಲಾಸ್ಟಿಕ್ (ಮರಳದೆ ಬಾಗಿದಂತೆಯೇ ಉಳಿಯುವ ಗುಣ), ಕ್ರೀಪ್, ಉಷ್ಣವಿಸ್ತರಣ ಎಂದು ಪಟ್ಟಿ. ಬೇಕಾದುದನ್ನು ಆರಿಸಿ ಅಂಕಿಗಳನ್ನು ತುಂಬಿದರೆ ಸಾಕು. ಆಯ್ಕೆಗಳು ಪಕ್ಕಪಕ್ಕದಲ್ಲಿ ಇರುವುದರಿಂದಲೇ ಒಂದು ಭ್ರಾಂತಿ ಹುಟ್ಟುತ್ತದೆ: ಗುಣಗಳು ಪರಸ್ಪರ ಸಂಬಂಧವಿಲ್ಲದವು, ಹೆಚ್ಚು ಗುಣಗಳನ್ನು ಆರಿಸಿದಷ್ಟೂ ಚಿತ್ರಣವು ಸತ್ಯಕ್ಕೆ ಹತ್ತಿರವಾಗುವುದು ಎಂದು. ಈ ಎರಡು ನಂಬಿಕೆಗಳೂ ತಪ್ಪು.

ಗುಣಗಳನ್ನು ಜೋಡಿಸಲು ಮೂಲತಃ ಎರಡು ದಾರಿಗಳಿವೆ. ಒಂದರ ಹಿಂದೊಂದನ್ನು ಕಟ್ಟಿದರೆ ಪೀಡನ ಎಲ್ಲಕ್ಕೂ ಒಂದೇ, ವಿಕೃತಿಗಳು ಕೂಡುತ್ತವೆ; ಪಕ್ಕಪಕ್ಕದಲ್ಲಿ ಕಟ್ಟಿದರೆ ವಿಕೃತಿ ಒಂದೇ, ಪೀಡನಗಳು ಕೂಡುತ್ತವೆ. ಲೋಹದ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಮೊದಲನೆಯದು. ಟರ್ಬೈನಿನ ಹೊರಕವಚವನ್ನು ಬಿಗಿಹಿಡಿದಿರುವ ಬೋಲ್ಟನ್ನು ನೋಡಿ. ಅದನ್ನು ಶೇಕಡಾ 0.15ರಷ್ಟು ಹಿಗ್ಗುವಂತೆ ಬಿಗಿಯುವುದು ರೂಢಿ. ಎಂದರೆ ಒಂದು ಮೀಟರು ಉದ್ದಕ್ಕೆ ಒಂದೂವರೆ ಮಿಲಿಮೀಟರು. ಬಿಗಿದ ದಿನ ಈ ಹಿಗ್ಗೆಲ್ಲವೂ ಸ್ಥಿತಿಸ್ಥಾಪಕ, ಮರಳಲು ಹವಣಿಸುವ ಜಾತಿಯದು. ಕವಚದ ಎರಡು ಭಾಗಗಳನ್ನು ಒತ್ತಿಹಿಡಿಯುವುದು ಆ ಹವಣಿಕೆಯೇ. ಯಂತ್ರವು ಸಾವಿರಾರು ಗಂಟೆಗಳ ಕಾಲ ಕಾದು ನಡೆದ ಮೇಲೆ, ಬೋಲ್ಟಿನ ಉದ್ದವು ಕೂದಲೆಳೆಯಷ್ಟೂ ಬದಲಾಗದಿದ್ದರೂ, ಆ ಒಂದೂವರೆ ಮಿಲಿಮೀಟರಿನಲ್ಲಿ ಅರ್ಧವು ಕ್ರೀಪ್ ಆಗಿ ಪರಿವರ್ತಿತವಾಯಿತೆನ್ನೋಣ. ಆಗ ಬಿಗಿತವೂ ಅರ್ಧಕ್ಕಿಳಿಯಿತು. ಹೊರಗೆ ಯಾವ ಚಲನೆಯೂ ಇಲ್ಲ, ಒಳಗೆ ಮಾತ್ರ ಒಂದು ಜಾತಿಯ ವಿಕೃತಿ ಇನ್ನೊಂದು ಜಾತಿಗೆ ಸೇರಿತು. ದೊಡ್ಡ ದುರಸ್ತಿಯ ವೇಳೆಯಲ್ಲಿ ಇಂತಹ ಬೋಲ್ಟುಗಳನ್ನು ಹೊಸದಾಗಿ ಬಿಗಿಯುವುದು ಇದೇ ಕಾರಣಕ್ಕಾಗಿ.

ಇಲ್ಲಿಯವರೆಗೆ ಲೆಕ್ಕ ನಿರ್ಮಲ. ಪ್ಲಾಸ್ಟಿಕ್ ಗುಣವನ್ನೂ ಸೇರಿಸಿದೊಡನೆ ಕಷ್ಟ ಮೊದಲಾಗುತ್ತದೆ. ಅದರ ಮೂಲವೋ ತಂತ್ರಾಂಶದಲ್ಲಿಲ್ಲ, ಪ್ರಯೋಗಶಾಲೆಯಲ್ಲಿದೆ. 550 ಡಿಗ್ರಿಯಲ್ಲಿ ಉಕ್ಕಿನ ಸರಳನ್ನು ಎಳೆದು ಪೀಡನ-ವಿಕೃತಿಗಳ ರೇಖೆಯನ್ನು ಬರೆಯಲು ಕೆಲವು ನಿಮಿಷಗಳಾದರೂ ಬೇಕು. ಆ ನಿಮಿಷಗಳಲ್ಲಿ ಕ್ರೀಪ್ ಸುಮ್ಮನೆ ಕುಳಿತಿರುವುದಿಲ್ಲ. ನಿಧಾನವಾಗಿ ಎಳೆದಷ್ಟೂ ಅದರ ಪಾಲು ಹೆಚ್ಚು. ಆ ರೇಖೆಯನ್ನು ಪ್ಲಾಸ್ಟಿಕ್ ಎಂಬ ಹೆಸರಿನ ಕೆಳಗೆ ಹಾಗೆಯೇ ತುಂಬಿ, ಅದರ ಜೊತೆಗೆ ಕ್ರೀಪಿನ ಸೂತ್ರವನ್ನೂ ಸೇರಿಸಿದರೆ, ಮನೆಯ ಒಂದೇ ಖರ್ಚನ್ನು ಇಬ್ಬರು ಗುಮಾಸ್ತರು ಎರಡು ಖಾತೆಗಳಲ್ಲಿ ಬರೆದಂತಾಗುತ್ತದೆ. ಇಬ್ಬರ ಬರಹವೂ ಪ್ರಾಮಾಣಿಕವಾದುದೇ. ಮೊತ್ತ ಮಾತ್ರ ಸುಳ್ಳು. ಗಣಕಯಂತ್ರವು ಇದಕ್ಕೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಏಕೆಂದರೆ ಅದರ ದೃಷ್ಟಿಯಲ್ಲಿ ಸಮೀಕರಣಗಳು ಬಿಡಿಸಿಕೊಂಡವು, ಸಮತೋಲ ಸಿದ್ಧಿಸಿತು, ಬಣ್ಣದ ಚಿತ್ರ ಸಿದ್ಧವಾಯಿತು.

ಇನ್ನೂ ಆಳಕ್ಕಿಳಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಬೇಗನೆ ಬಾಗುವುದಕ್ಕೂ ನಿಧಾನವಾಗಿ ಹಿಗ್ಗುವುದಕ್ಕೂ ಲೋಹದೊಳಗಿನ ಕರ್ತೃಗಳು ಬಹುಮಟ್ಟಿಗೆ ಒಂದೇ, ಡಿಸ್ಲೊಕೇಶನ್ ಎಂಬ ಸ್ಫಟಿಕದೋಷಗಳು. ಹೀಗಿರುವಾಗ ಪ್ಲಾಸ್ಟಿಕ್ ವಿಕೃತಿಗೊಂದು, ಕ್ರೀಪಿಗೆ ಇನ್ನೊಂದು ಎಂದು ಬೇರೆ ಬೇರೆ ಜ್ಞಾಪಕಗಳನ್ನು ಇಟ್ಟು, ಒಂದು ಇನ್ನೊಂದನ್ನು ಅರಿಯದಂತೆ ನಡೆಸುವುದು ನ್ಯಾಯವೆ? ನ್ಯಾಯವಲ್ಲವೆಂದು ಬಗೆದವರು ಮರಳಲಾರದ ವಿಕೃತಿಯೆಲ್ಲವನ್ನೂ ಒಂದೇ ಎಂದು ಹಿಡಿದು, ವೇಗಕ್ಕನುಸಾರವಾಗಿ ಅದು ಒಮ್ಮೆ ಪ್ಲಾಸ್ಟಿಕ್ಕಿನಂತೆಯೂ ಒಮ್ಮೆ ಕ್ರೀಪಿನಂತೆಯೂ ತೋರುವ ಏಕೀಕೃತ ಸಿದ್ಧಾಂತಗಳನ್ನು ಕಟ್ಟಿದರು. ಫ್ರಾನ್ಸಿನ ಶಾಬೋಷ್‌ನ ಹೆಸರು ಇವರಲ್ಲಿ ಪ್ರಸಿದ್ಧ. ಆತನ ಸಮೀಕರಣಗಳ ಬೇರು ಆರ್ಮ್‌ಸ್ಟ್ರಾಂಗ್ ಮತ್ತು ಫ್ರೆಡರಿಕ್ ಎಂಬಿಬ್ಬರು 1966ರಲ್ಲಿ ಇಂಗ್ಲೆಂಡಿನ ವಿದ್ಯುತ್ ಮಂಡಳಿಗಾಗಿ ಬರೆದ ಒಂದು ಆಂತರಿಕ ವರದಿಯಲ್ಲಿದೆ. ಜಗತ್ತೆಲ್ಲ ಉಲ್ಲೇಖಿಸುತ್ತಿದ್ದ ಆ ವರದಿಯು ವಿದ್ವತ್ಪತ್ರಿಕೆಯೊಂದರಲ್ಲಿ ಅಚ್ಚಾದದ್ದು 2007ರಲ್ಲಿ!

ಗುಣಗಳ ಪ್ರಭಾವಗಳನ್ನು ಕೂಡುವುದೋ ಗುಣಿಸುವುದೋ ಎಂಬ ವಿವಾದವೂ ಉಂಟು. ಗುಂಡಿನ ಹೊಡೆತ, ವಾಹನಗಳ ಡಿಕ್ಕಿ ಮುಂತಾದ ಕ್ಷಿಪ್ರ ಘಟನೆಗಳಿಗೆ ಬಹುಜನಪ್ರಿಯವಾದುದು ಜಾನ್ಸನ್ ಮತ್ತು ಕುಕ್ ಎಂಬಿಬ್ಬರು 1983ರಲ್ಲಿ ಮುಂದಿಟ್ಟ ಸೂತ್ರ. ವಿಕೃತಿಯಿಂದ ಲೋಹ ಗಡುಸಾಗುವುದಕ್ಕೊಂದು ಆವರಣ, ವೇಗದ ಪ್ರಭಾವಕ್ಕೊಂದು, ಉಷ್ಣತೆಯಿಂದ ಮೆದುವಾಗುವುದಕ್ಕೊಂದು. ಮೂರನ್ನೂ ಗುಣಿಸಿದರೆ ಲೋಹದ ಪ್ರತಿರೋಧ. ಮೂರನ್ನೂ ಬೇರೆ ಬೇರೆಯಾಗಿ ಅಳೆಯಬಹುದಾದ್ದರಿಂದ ಪ್ರಯೋಗಶಾಲೆಗೆ ಇದರಷ್ಟು ಹಿತವಾದುದಿಲ್ಲ. 1987ರಲ್ಲಿ ಜೆರಿಲ್ಲಿ ಮತ್ತು ಇನ್ನೊಬ್ಬ ಆರ್ಮ್‌ಸ್ಟ್ರಾಂಗ್ ಪರಮಾಣುಗಳ ಜೋಡಣೆಯ ಕಡೆಗೆ ಕೈತೋರಿದರು: ತಾಮ್ರದ ಜಾತಿಯ ಸ್ಫಟಿಕಗಳಲ್ಲಿ ವೇಗ, ಉಷ್ಣತೆಗಳು ಗಡುಸಾಗುವಿಕೆಯೊಡನೆ ಗುಣಾಕಾರದಿಂದ ಬೆರೆತಿವೆ, ಕಬ್ಬಿಣದ ಜಾತಿಯಲ್ಲಿ ಅವು ಪ್ರತ್ಯೇಕ ಪದವಾಗಿ ನಿಂತು ಬರಿದೆ ಕೂಡುತ್ತವೆ. ಅಂದಮೇಲೆ ಗುಣಗಳನ್ನು ಸೇರಿಸುವ ಚಿಹ್ನೆ ಯಾವುದೆಂಬುದನ್ನು ವಸ್ತುವೇ ಹೇಳಬೇಕಲ್ಲದೆ ನಮ್ಮ ಅನುಕೂಲವಲ್ಲ. ಆದರೂ ಜಾನ್ಸನ್-ಕುಕ್ ಸೂತ್ರವು ಇಂದಿಗೂ ಮೆರೆಯುತ್ತಿದೆ. ಸುಲಭವಾದುದಕ್ಕೆ ಆಯುಸ್ಸು ಹೆಚ್ಚು.

ರಬ್ಬರಿನ ಕಥೆ ಇದಕ್ಕಿಂತ ಸ್ವಾರಸ್ಯವುಳ್ಳದ್ದು. ಕಪ್ಪು ಪುಡಿ ಬೆರೆಸಿದ ರಬ್ಬರಿನ ಪಟ್ಟಿಯನ್ನು ಮೊದಲ ಸಲ ಎಳೆದಾಗ ಇರುವ ಬಿಗಿ ಎರಡನೆಯ ಸಲ ಇರುವುದಿಲ್ಲ. ಹಿಂದಿನ ಗರಿಷ್ಠ ಹಿಗ್ಗನ್ನು ಮುಟ್ಟುವವರೆಗೆ ಅದು ಮೆದುವಾಗಿ ಬರುತ್ತದೆ, ದಾಟಿದೊಡನೆ ಮತ್ತೆ ಹಳೆಯ ರೇಖೆಯನ್ನು ಸೇರುತ್ತದೆ. 1940ರ ದಶಕದಲ್ಲಿ ಇದನ್ನು ವಿಶದವಾಗಿ ಪರಿಶೀಲಿಸಿದ ಮುಲ್ಲಿನ್ಸ್‌ನ ಹೆಸರೇ ಈ ಪರಿಣಾಮಕ್ಕೆ ನಿಂತಿದೆ. ತಂತ್ರಾಂಶದಲ್ಲಿ ಇದಕ್ಕೂ ಒಂದು ಆಯ್ಕೆಯುಂಟು. ಆದರೆ ಎಷ್ಟೋ ಪ್ರಯೋಗಶಾಲೆಗಳು ರಬ್ಬರನ್ನು ಹಲವು ಸಲ ಎಳೆದು ಬಿಟ್ಟು, ರೇಖೆ ಸ್ಥಿರಗೊಂಡ ಮೇಲೆಯೇ ಅಂಕಿಗಳನ್ನು ಕೊಡುತ್ತವೆ. ಆ ಅಂಕಿಗಳಿಂದ ಮೂಲಗುಣವನ್ನು ತುಂಬಿ ಮುಲ್ಲಿನ್ಸ್ ಪರಿಣಾಮವನ್ನೂ ಸೇರಿಸಿದವನು ಮೆದುತನವನ್ನು ಇಮ್ಮಡಿಸಿದನೆಂದೇ ತಿಳಿಯಬೇಕು. ಕಾಲಾವಲಂಬನೆಯನ್ನು ಸೇರಿಸುವಾಗ ಇನ್ನೊಂದು ಚಿಕ್ಕ ಪ್ರಶ್ನೆ ಎದುರಾಗುತ್ತದೆ: ತುಂಬಿದ ಬಿಗಿತವು ಎಳೆದ ಕ್ಷಣದ್ದೋ, ಬಹುಕಾಲ ಕಳೆದ ಮೇಲೆ ಉಳಿದದ್ದೋ? ಕಾಲಾಂತರದಲ್ಲಿ ಬಿಗಿತವು ಅರ್ಧಕ್ಕಿಳಿಯುವ ರಬ್ಬರಿನಲ್ಲಿ ಈ ಒಂದು ಆಯ್ಕೆ ತಪ್ಪಿದರೆ ಉತ್ತರವು ಇಮ್ಮಡಿಯಾಗುತ್ತದೆ ಅಥವಾ ಅರ್ಧವಾಗುತ್ತದೆ.

ಈ ಕಾಲಾವಲಂಬನೆಯನ್ನು ಅಲ್ಪವೆಂದು ಎಣಿಸುವವರು 1986ರ ಜನವರಿ 28ನ್ನು ಸ್ಮರಿಸಬೇಕು. ಅಂದು ಚಾಲೆಂಜರ್ ಎಂಬ ಬಾಹ್ಯಾಕಾಶ ನೌಕೆಯು ಏಳು ಜನರೊಡನೆ ನಾಶವಾದುದಕ್ಕೆ ರಾಕೆಟ್ಟಿನ ಕೀಲಿನಲ್ಲಿದ್ದ ರಬ್ಬರ್ ಉಂಗುರ ಸೋತದ್ದೇ ಕಾರಣವಾಯಿತು. ದಹನ ಆರಂಭವಾದ ಒಂದು ಸೆಕೆಂಡಿಗೂ ಕಡಮೆ ಅವಧಿಯಲ್ಲಿ ಕೀಲಿನ ಸಂದು ಅಗಲವಾಗುತ್ತಿತ್ತು; ಅದುಮಿದ ಉಂಗುರವು ಅಷ್ಟೇ ಬೇಗನೆ ಉಬ್ಬಿ ಸಂದನ್ನು ಮುಚ್ಚಬೇಕಿತ್ತು. ತನಿಖೆಯ ಆಯೋಗವು ಕಂಡುಕೊಂಡಂತೆ, 24 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಉಂಗುರವು ಸೊನ್ನೆಗಿಂತ ಒಂದು ಡಿಗ್ರಿ ಕೆಳಗಿರುವ ಉಂಗುರಕ್ಕಿಂತ ಐದುಪಟ್ಟು ಚುರುಕಾಗಿ ಪೂರ್ವರೂಪಕ್ಕೆ ಮರಳುತ್ತದೆ. ಸ್ಥಿತಿಸ್ಥಾಪಕತ್ವವೊಂದನ್ನೇ ಕೇಳಿದರೆ ಎರಡು ಉಂಗುರಗಳೂ ಮರಳುವುವು. ಸಕಾಲಕ್ಕೆ ಮರಳುವುದೆ ಎಂಬ ಪ್ರಶ್ನೆಗೆ, ಕಾಲವನ್ನೂ ಉಷ್ಣತೆಯನ್ನೂ ಅದರೊಡನೆ ಬೆಸೆದಲ್ಲದೆ ಉತ್ತರವಿಲ್ಲ.

ಪಕ್ಕಪಕ್ಕದಲ್ಲಿ ಕಟ್ಟುವ ಎರಡನೆಯ ದಾರಿಯ ವೈಭವವನ್ನು ಹೇಳದೆ ಮುಂದಕ್ಕೆ ಹೋಗಲಾರೆ. 1926ರಲ್ಲಿ ಜರ್ಮನಿಯ ಮಾಸಿಂಗ್ ಎಂಬಾತನು ಲೋಹವನ್ನು, ಬೇರೆ ಬೇರೆ ಮಿತಿಗಳಲ್ಲಿ ಸೋಲುವ ಅತಿ ಸರಳವಾದ ಎಳೆಗಳ ಕಂತೆಯೆಂದು ಭಾವಿಸಿದನು. ಯಾವೊಂದು ಎಳೆಯಲ್ಲಿಯೂ ಬೌಷಿಂಗರನು ಕಂಡ ವೈಚಿತ್ರ್ಯವಿಲ್ಲ. ಆದರೆ ಕಂತೆಯನ್ನು ಎಳೆದು ಬಿಟ್ಟಾಗ, ಮೊದಲೇ ಸೋತಿದ್ದ ಎಳೆಗಳು ಸೋಲದ ಎಳೆಗಳ ಮರಳುವಿಕೆಯಿಂದ ಒಳಗೊಳಗೇ ಒತ್ತಲ್ಪಡುತ್ತವೆ. ಆದ್ದರಿಂದ ಹೊರಗಿನಿಂದ ಒತ್ತಿದೊಡನೆ ಅವು ಬೇಗನೆ ಸೋಲುತ್ತವೆ. ಅವಯವಗಳಲ್ಲಿಲ್ಲದ ಗುಣವು ಅವುಗಳ ಕೂಟದಲ್ಲಿ ಹುಟ್ಟಿತು! ಬೆಸೆಲಿಂಗ್ 1958ರಲ್ಲಿ ಇದನ್ನು ವಿಸ್ತರಿಸಿದನು. ತಂತ್ರಾಂಶವು ಎರಡು ಗುಣಗಳ ಜೋಡಣೆಗೆ ಒಪ್ಪದಿದ್ದಾಗ ಅನುಭವಸ್ಥರು ಹೂಡುವ ಉಪಾಯಕ್ಕೂ ಇದೇ ಬುನಾದಿ: ಒಂದೇ ಸ್ಥಳದಲ್ಲಿ, ಘಟಕಗಳು ಒಂದನ್ನೊಂದು ಕೂಡುವ ಅದೇ ಬಿಂದುಗಳ (ನೋಡ್‌ಗಳ) ಮೇಲೆ, ಎರಡು ಪದರು ಘಟಕಗಳನ್ನು ಒಂದರ ಮೇಲೊಂದು ಹೊದಿಸಿ, ಒಂದಕ್ಕೆ ಒಂದು ಗುಣವನ್ನೂ ಇನ್ನೊಂದಕ್ಕೆ ಇನ್ನೊಂದನ್ನೂ ಕೊಡುವುದು. ಉಪಾಯ ಒಳ್ಳೆಯದೇ. ಆದರೆ ಸಾಂದ್ರತೆಯನ್ನು ಎರಡಕ್ಕೂ ಪೂರ್ತಿಯಾಗಿ ಕೊಟ್ಟರೆ ವಸ್ತುವಿನ ತೂಕ ಇಮ್ಮಡಿಯಾಗಿ ಕಂಪನದ ಲೆಕ್ಕವೆಲ್ಲ ಕೆಡುತ್ತದೆ. ಉಷ್ಣವಿಸ್ತರಣವನ್ನು ಒಂದಕ್ಕೆ ಮಾತ್ರ ಕೊಟ್ಟರೆ ಬಿಸಿಯಾದೊಡನೆ ಎರಡು ಪದರುಗಳು ತಮ್ಮೊಳಗೇ ಜಗಳವಾಡುತ್ತವೆ. ಪರದೆಯ ಮೇಲೆ ಕಾಣುವ ಪೀಡನವು ಒಂದು ಪದರಿನದು ಮಾತ್ರ, ಒಟ್ಟನ್ನು ನಾವೇ ಕೂಡಿಕೊಳ್ಳಬೇಕು.

ಸಿದ್ಧವಾದ ಯಾವ ದಾರಿಯೂ ಸಾಲದೆಹೋದರೆ ಸ್ವಂತ ಸಮೀಕರಣಗಳನ್ನು ಫೋರ್ಟ್ರಾನ್ ಭಾಷೆಯಲ್ಲಿ ಬರೆದು ತಂತ್ರಾಂಶಕ್ಕೆ ಜೋಡಿಸಬಹುದು; ಅಬಾಕಸ್ ಬಳಸುವವರು ಇದನ್ನು ಯೂಮ್ಯಾಟ್ ಎನ್ನುತ್ತಾರೆ. ಪೀಡನವನ್ನಲ್ಲದೆ, ವಿಕೃತಿಯೊಡನೆ ಅದು ಬದಲಾಗುವ ದರವನ್ನೂ ಇಲ್ಲಿ ಒದಗಿಸಬೇಕು. ದರದಲ್ಲಿ ತಪ್ಪಿದರೆ ಲೆಕ್ಕವು ಕುಂಟುತ್ತದೆ ಇಲ್ಲವೆ ನಿಂತುಬಿಡುತ್ತದೆ, ಮುಗಿದುದಾದರೆ ಉತ್ತರ ಕೆಡುವುದಿಲ್ಲ; ಪೀಡನದಲ್ಲಿ ತಪ್ಪಿದರೆ ಲೆಕ್ಕವು ಸುಖವಾಗಿ ಮುಗಿದು ತಪ್ಪು ಉತ್ತರವನ್ನು ಕೊಡುತ್ತದೆ. ನಿಂತುಹೋಗುವ ಲೆಕ್ಕಕ್ಕೆ ಎಲ್ಲರೂ ಅಂಜುವರು. ಅಂಜಬೇಕಾದದ್ದು ಸುಖವಾಗಿ ಮುಗಿಯುವುದಕ್ಕೆ.

ಆದುದರಿಂದ ಈ ವೃತ್ತಿಯಲ್ಲಿರುವ ತರುಣರಲ್ಲಿ ನನ್ನದೊಂದು ವಿಜ್ಞಾಪನೆ. ಲಕ್ಷ ಘಟಕಗಳ ಮಾದರಿಗೆ ಕೈಹಾಕುವ ಮುನ್ನ ಒಂದೇ ಒಂದು ಘಟಕವನ್ನು ತೆಗೆದುಕೊಂಡು, ನೀವು ಆರಿಸಿದ ಗುಣಗಳೆಲ್ಲವನ್ನೂ ಅದಕ್ಕೆ ತುಂಬಿ, ಎಳೆಯಿರಿ, ಹಿಡಿದು ನಿಲ್ಲಿಸಿ, ಬಿಡಿ, ತಿರುಗಿ ಒತ್ತಿ. ಬಂದ ರೇಖೆಯನ್ನು ಪ್ರಯೋಗಶಾಲೆಯ ರೇಖೆಯ ಮೇಲಿಟ್ಟು ನೋಡಿ. ಆ ಪ್ರಯೋಗ ಯಾವ ಉಷ್ಣತೆಯಲ್ಲಿ, ಯಾವ ವೇಗದಲ್ಲಿ, ಎಷ್ಟನೆಯ ಎಳೆತದಲ್ಲಿ ನಡೆಯಿತೆಂಬುದನ್ನು ಕೇಳಿ ತಿಳಿದು ಅಂಕಿಗಳ ಪಕ್ಕದಲ್ಲಿ ಬರೆದಿಡಿ. ಹಿರಿಯ ಅಧಿಕಾರಿಗಳೂ ವರದಿಗೆ ರುಜುಹಾಕುವ ಮೊದಲು ಬಣ್ಣದ ಚಿತ್ರಗಳನ್ನು ಬದಿಗಿಟ್ಟು ಈ ಒಂದು ಹಾಳೆಯನ್ನು ಕೇಳಿ ಪಡೆಯಲಿ. ಇದಕ್ಕೆ ಬೇಕಾಗುವುದು ಅರ್ಧ ದಿನದ ಕೆಲಸ.